ತಡಿ

ಪಾಸ್‌ವರ್ಡ್ ಹೊಡೆದು ಎಂಟರ್ ಒತ್ತಿದ ಕೂಡಲೇ ಪರದೆ ಕಪ್ಪಾಯಿತು. ಇನ್ನೇನು ತೆರೆದುಕೊಂಡಿತು ಎನ್ನುವಷ್ಟರಲ್ಲಿ ಮತ್ತೆ ಅದೇ ನೀಲಿ ಬಣ್ಣ, ನಡುವೆ ಅದೇ ಖಾಲಿ ಚೌಕ, ಅದರೊಳಗೆ ಮಿಣುಕುವ ಅದೇ ಸಣ್ಣ ಗೆರೆ. ಅವಳು ಇನ್ನೊಮ್ಮೆ ಹೊಡೆದಳು, ಈ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ. ಮತ್ತೆ ಕಪ್ಪು, ಮತ್ತೆ ನೀಲಿ. ಬಾಗಿಲು ತೆಗೆದು ಮುಖ ನೋಡಿ, ಏನೂ ಹೇಳದೆ ಬಾಗಿಲು ಮುಂದೆ ಮಾಡಿಕೊಳ್ಳುವ ನೆಂಟರ ಮನೆಯ ಹಾಗಿತ್ತು.

"ತಪ್ಪು ಅಂತ ಹೇಳಿದ್ರೆ ತಿದ್ಕೋಬಹುದು. ತಪ್ಪು ಅಂತಾನೂ ಹೇಳಲ್ಲ, ಒಳಗೂ ಬಿಡಲ್ಲ. ಏನ್ರೀ ಇದು ನಿಮ್ಮ ಪೆಂಗ್ವಿನ್ನು?"

"ತಡಿ," ಎಂದ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿ ಕೂತಿದ್ದ ಗಂಡ.

ಏನು ಕೇಳಿದರೂ ಅವನು ಹೇಳುತ್ತಿದ್ದುದು ಅದೊಂದೇ. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಸೋತ ದಿನವೇ ಮಾತೂ ಹೋಗಿತ್ತು; ಹೋಗುವಾಗ ಇದೊಂದನ್ನು ಮಾತ್ರ ಬಿಟ್ಟು ಹೋಗಿತ್ತು. ನೀರು ಬೇಕಾದರೂ ತಡಿ, ಬೇಡವಾದರೂ ತಡಿ. ದೊಡ್ಡ ಡಾಕ್ಟರು ಮಂಚದ ಮೇಲೆ ಬಗ್ಗಿ "ಹೇಗಿದ್ದೀರಿ?" ಎಂದು ಕೇಳಿದಾಗಲೂ ಅವರ ಮುಖವನ್ನೇ ನೋಡುತ್ತ ಗಂಭೀರವಾಗಿ "ತಡಿ" ಎಂದಿದ್ದ. ಮೊದಲಾಗಿದ್ದರೆ ಮರ್ಯಾದೆಗೆ ತಡೀರಿ ಎನ್ನುತ್ತಿದ್ದ. ಆ 'ರಿ' ಆಸ್ಪತ್ರೆಯ ಹಾಸಿಗೆಯಲ್ಲೇ ಎಲ್ಲೋ ಬಿದ್ದುಹೋಯಿತು ಎಂದು ಅವಳು ತನ್ನ ತಮ್ಮನ ಹತ್ತಿರ ಹೇಳಿ ನಕ್ಕಿದ್ದಳು. ನಕ್ಕವಳು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು.

ಅವನು ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಲಿಫ್ಟು ಓಡಾಡುವ, ಕತ್ತಲೆಯ ಬಾವಿಯಂಥ ಸಂದಿಯಲ್ಲಿ ನಿಂತು ಮೇಲಿದ್ದವರಿಗೆ "ತಡಿ, ತಡಿ, ಈಗ ಬಿಡು" ಎಂದು ಕೂಗುತ್ತ ಆಯುಷ್ಯ ಕಳೆದವನು. ಬಹುಶಃ ಅದಕ್ಕೇ ಆ ಮಾತು ಅಷ್ಟು ಆಳಕ್ಕೆ ಇಳಿದು ಕೂತಿತ್ತು. ಕೆಲಸ ಮುಗಿಸಿ ಬಂದ ಮೇಲೆ ಅವನ ಇನ್ನೊಂದು ಬದುಕು ಶುರುವಾಗುತ್ತಿತ್ತು. ಜನ ಹಳತಾಯಿತೆಂದು ಮೂಲೆಗೆ ಎಸೆದ ಕಂಪ್ಯೂಟರುಗಳನ್ನು ಹೊತ್ತು ತರುತ್ತಿದ್ದ, ಧೂಳು ಊದುತ್ತಿದ್ದ, ಪೆಂಗ್ವಿನ್ ಗುರುತಿನ, ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ಎಬ್ಬಿಸಿ ಕೂರಿಸುತ್ತಿದ್ದ. "ಇದಕ್ಕೆ ಯಾರ ಅಪ್ಪಣೆಯೂ ಬೇಡ ಕಣೇ. ಒಳಗೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು," ಎನ್ನುತ್ತಿದ್ದ. ಬಿಚ್ಚಿ ನೋಡುವುದೆಂದರೆ ಅವನಿಗೆ ಪ್ರಾಣ. ಭಾನುವಾರ ಬೆಳಿಗ್ಗೆ ಬೀದಿಯ ಕೊನೆಯ ವಾಚನಾಲಯದಲ್ಲಿ ಉದ್ದನೆಯ ಮೇಜು ಹಿಡಿದು ಕೂರುತ್ತಿದ್ದ. ಯಂತ್ರ ಕೈಕೊಟ್ಟವರೆಲ್ಲ ಅದನ್ನು ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದರು. ವಾರದ ನಡುವೆ ತಡೆಯಲಾರದವರು ಮನೆಗೇ ಬರುತ್ತಿದ್ದರು. ಬೀದಿಗೆಲ್ಲ ಅವನು ಪೆಂಗ್ವಿನ್ ಮಾವ.

ಅವಳಿಗೆ ಮಾತ್ರ ಕಂಪ್ಯೂಟರು ಸವತಿ. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವುದು ಅವಳ ಕೆಲಸ. ಅಲ್ಲಿ ಅವಳನ್ನು ಅಕ್ಷರಮ್ಮ ಎಂದು ಕರೆಯುತ್ತಿದ್ದರು. ಸಂಜೆ ಅಡುಗೆಮನೆಯಲ್ಲಿ ಕೂತು ಮರುದಿನ ಕ್ರೀಮು ತುಂಬಲು ಕಾಗದದ ಕೋನುಗಳನ್ನು ಸುತ್ತುವಾಗ ಗೋಡೆಯಾಚೆಯಿಂದ ಗಂಡನ ಪಾಠ ಕೇಳಿಬರುತ್ತಿತ್ತು. "ನಿಮ್ಮ ಸವತಿ ಪುರಾಣ ಮುಗೀತಾ? ಊಟಕ್ಕೆ ಏಳಿ," ಎಂದು ಅವಳು ಅಲ್ಲಿಂದಲೇ ಕೂಗುತ್ತಿದ್ದಳು. ಈಗ ಮನೆಯಲ್ಲಿ ಆ ಸವತಿಯನ್ನು ನೋಡಿಕೊಳ್ಳುವವಳು ಅವಳೇ. ರಾತ್ರಿ ಹಗಲು ಅದನ್ನು ಆರಿಸದೆ ಬಿಟ್ಟಿರುತ್ತಿದ್ದಳು. ಅದರ ಫ್ಯಾನಿನ ಸಣ್ಣ ಗುಂಯ್ ಸದ್ದು ನಿಂತರೆ ಮನೆಯಲ್ಲಿ ಇನ್ನೇನೋ ನಿಂತುಬಿಡುತ್ತದೆ ಎನ್ನುವ ಹೆದರಿಕೆ.

ಅದಕ್ಕೆ ಈಚೆಗೆ ಒಂದು ಕೆಲಸವೂ ಸಿಕ್ಕಿತ್ತು. ಮಾತು ಕಲಿಸಲು ಬರುವ ಟೀಚರು ಅದರಲ್ಲಿ ಚಿತ್ರಗಳನ್ನು ಹಾಕಿಕೊಟ್ಟಿದ್ದರು. ಬಟ್ಟಲು, ಕೊಡೆ, ಬೀಗದಕೈ, ದೋಣಿ. ಚಿತ್ರ ನೋಡಿ ಹೆಸರು ಹೇಳಬೇಕು. ಅವನು ಮೊದಲ ವಾರ ಹೇಳಲು ಹೆಣಗಾಡಿದ. ಬಟ್ಟಲಿಗೆ ತಡಿ, ಕೊಡೆಗೆ ತಡಿ. ಆಮೇಲೆ ಚಿತ್ರ ಬಂದ ಕೂಡಲೇ ಮುಖ ತಿರುಗಿಸಲು ಶುರುಮಾಡಿದ. ಟೀಚರು ಬೇಸರ ಮಾಡಿಕೊಳ್ಳುವವರಲ್ಲ. ಆದರೂ ಹೋದ ಸಲ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅವರಿಗೇ ಮನಸ್ಸಿಲ್ಲದಿದ್ರೆ ನಾವು ಎಷ್ಟು ಎಳೆದ್ರೂ ಅಷ್ಟೇ ಅಮ್ಮ. ಸ್ವಲ್ಪ ದಿನ ಬಿಟ್ಟು ನೋಡೋಣ್ವಾ?" ಎಂದಿದ್ದರು. ಬಿಟ್ಟು ನೋಡುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ದಾರಿಯಲ್ಲಿ ಅಷ್ಟು ದೂರ ಬಂದವರು ಕೈ ಬಿಡಿಸಿಕೊಳ್ಳುವಾಗಲೂ ಹಾಗೆಯೇ ಮೆತ್ತಗೆ ಮಾತಾಡುತ್ತಾರೆ.

ಇವತ್ತು ಬೇಕರಿಯಿಂದ ಬಂದು ನೋಡಿದರೆ ಪರದೆ ಕಲ್ಲಾಗಿ ನಿಂತಿತ್ತು. ಆರಿಸಿ ಹಚ್ಚಿದ ಮೇಲೆ ಈ ಆಟ.

ಮಧ್ಯಾಹ್ನದ ಊಟದ ಹೊತ್ತಿಗೆ ತಮ್ಮ ಬಂದ. ಅವನು ಡ್ರೈವಿಂಗ್ ಕಲಿಸುವವನು, ಎರಡು ಪಾಠಗಳ ನಡುವೆ ಅಕ್ಕನ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗುವುದು ವಾಡಿಕೆ. ಅವನೂ ಎರಡು ಸಲ ಪಾಸ್‌ವರ್ಡ್ ಹೊಡೆದು ನೋಡಿ ಕೈ ಚೆಲ್ಲಿದ.

"ಅಂಗಡಿಗೆ ಕೊಟ್ಬಿಡೋಣ ಅಕ್ಕ. ಎಲ್ಲ ತೊಳೆದು ಹೊಸದಾಗಿ ಬೇರೆ ಏನಾದ್ರೂ ಹಾಕ್ಕೊಡ್ತಾರೆ. ನಿನಗೂ ಸುಲಭ."

"ತೊಳೆದು ಅಂದ್ರೆ ಒಳಗಿರೋದೆಲ್ಲ ಹೋಗುತ್ತಾ?"

"ಹೋದ್ರೆ ಹೋಗ್ಲಿ. ಭಾವ ಇನ್ನು ಅದನ್ನೆಲ್ಲ..." ಎಂದು ಶುರುಮಾಡಿದವನು ಭಾವನ ಮುಖ ನೋಡಿ ಬ್ರೇಕು ಹಾಕಿದ.

"ತಡಿ!"

ಆ ಸಲ ಅದು ಕೂಗಾಗಿತ್ತು. ಎಡಗೈ ಕುರ್ಚಿಯ ಹಿಡಿಯನ್ನು ಬಡಿದಿತ್ತು, ಕುತ್ತಿಗೆಯ ನರ ಉಬ್ಬಿತ್ತು. ತಮ್ಮ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟ. ಕೆಟ್ಟವನಲ್ಲ, ಭಾವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತಿ ಕೂರಿಸುತ್ತಿದ್ದುದೇ ಅವನು. "ಆಯ್ತು ಭಾವ, ಆಯ್ತು. ಸಂಜೆ ಬರ್ತೀನಿ. ಆಮೇಲೆ ನೋಡೋಣ," ಎಂದು ಮೆಲ್ಲಗೆ ಎದ್ದು ಹೋದ.

ಕಿಟಕಿಯ ಪರದೆ ಗಾಳಿಗೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ನೆಲದ ಮೇಲೆ ಬಿಸಿಲಿನ ತುಂಡೊಂದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಅವಳು ಗಂಡನ ಮುಖವನ್ನೇ ನೋಡಿದಳು. ಅವನು ಕಂಪ್ಯೂಟರನ್ನು ನೋಡುತ್ತಿದ್ದ. ಎಷ್ಟೋ ದಿನದ ಮೇಲೆ ಅವನ ಕಣ್ಣು ಒಂದು ಕಡೆ ನೆಟ್ಟು ನಿಂತಿತ್ತು.

"ನೀವೇ ನೋಡ್ತೀರಾ?"

ಅವಳು ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಮೇಜಿಗೆ ಒತ್ತಿ ನಿಲ್ಲಿಸಿದಳು.

ಅವನು ಎಡಗೈಯ ಮೂರು ಬೆರಳನ್ನು ಒಟ್ಟಿಗೆ ಎತ್ತಿ ತೋರಿಸಿದ. ಅವಳಿಗೆ ಅರ್ಥವಾಗಲಿಲ್ಲ. ಅವನು ಕಂಟ್ರೋಲ್ ಕೀ ಮೇಲೆ ಒಂದು ಬೆರಳಿಟ್ಟ, ಪಕ್ಕದ ಆಲ್ಟ್ ಮೇಲೆ ಇನ್ನೊಂದು, ಆಮೇಲೆ ಮೇಲಿನ ಸಾಲಿನ ಕಡೆ ಗಲ್ಲ ಎತ್ತಿದ. ಅವಳು ಅಲ್ಲಿದ್ದ ಕೀಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಎಫ್ ಮೂರರ ಮೇಲೆ ಬೆರಳು ಬಂದಾಗ ಅವನು ಕಣ್ಣು ಮುಚ್ಚಿ ತೆರೆದ. ಮೂರನ್ನೂ ಒಟ್ಟಿಗೆ ಒತ್ತಿದರು, ಎರಡು ಅವನ ಬೆರಳು, ಒಂದು ಅವಳದು.

ನೀಲಿ ಹೋಯಿತು. ಪರದೆ ತುಂಬ ಕಪ್ಪು. ಮೇಲಿನ ಮೂಲೆಯಲ್ಲಿ ಒಂದೆರಡು ಬಿಳಿ ಅಕ್ಷರ, ಪಕ್ಕದಲ್ಲಿ ಉಸಿರಾಡುವಂತೆ ಮಿಣುಕುವ ಒಂದು ಗೆರೆ. ಕೆಟ್ಟೇಹೋಯಿತು ಎಂದುಕೊಂಡಳು ಅವಳು. ಅವನ ಮುಖದಲ್ಲಿ ಗಾಬರಿಯಿರಲಿಲ್ಲ. ಹೊಸದಾಗಿ ಮದುವೆಯಾದಾಗ ಅವಳನ್ನು ಒಂದು ಎತ್ತರದ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ಲಿಫ್ಟಿನ ಬಾಗಿಲು ಸರಿಸಿ, ಸೊಂಟ ಹಿಡಿದುಕೊಂಡು ಆ ಕತ್ತಲೆಯೊಳಗೆ ಬಗ್ಗಿ ನೋಡಲು ಹೇಳಿದ್ದ. ಕೆಳಗೆ ಎಲ್ಲೋ ತಣ್ಣನೆಯ ಗಾಳಿ, ಎಣ್ಣೆಯ ವಾಸನೆ, ತೂಗುವ ಹಗ್ಗಗಳು. ಅವಳು ಹೆದರಿ ಹಿಂದಕ್ಕೆ ಜಗ್ಗಿದ್ದಳು. ಅವನು ನಕ್ಕಿದ್ದ. ಆ ನಗೆಯ ನೆರಳು ಈಗ ಎಡಗಡೆಯ ತುಟಿಯಲ್ಲಿ ಮಾತ್ರ ಇತ್ತು.

ಇಲ್ಲಿ ಯಂತ್ರಕ್ಕೆ ಅಕ್ಷರದಲ್ಲೇ ಕೆಲಸ ಹೇಳಬೇಕಿತ್ತು; ಅವನು ಟೈಪ್ ಮಾಡತೊಡಗಿದ. ಒಂದೇ ಬೆರಳು, ಅದೂ ಎಡಗೈಯದು. ಒಂದು ಅಕ್ಷರ ತಪ್ಪುತ್ತಿತ್ತು, ಅಳಿಸುತ್ತಿದ್ದ, ಮತ್ತೆ ತಪ್ಪುತ್ತಿತ್ತು. ಎಷ್ಟೋ ಸಲ ಮೊದಲ ಎರಡು ಅಕ್ಷರ ಹೊಡೆದು ಅಲ್ಲೇ ನಿಂತುಬಿಡುತ್ತಿದ್ದ, ಮುಂದಿನದು ಸಿಕ್ಕದೆ. ಹಣೆಯಲ್ಲಿ ಬೆವರು ಮೂಡುತ್ತಿತ್ತು. ಆಗ ಕಿರುಬೆರಳನ್ನು ಪಕ್ಕಕ್ಕೆ ಚಾಚಿ ಟ್ಯಾಬ್ ಒತ್ತುತ್ತಿದ್ದ. ಉಳಿದ ಅಕ್ಷರಗಳು ತಾವಾಗಿ ಬಂದು ಸಾಲಿನಲ್ಲಿ ಕೂರುತ್ತಿದ್ದವು. ಅವಳು ಉಸಿರು ಬಿಗಿಹಿಡಿದು ನೋಡಿದಳು. ಶುರುವಾದದ್ದನ್ನು ಇನ್ಯಾರೋ ಮುಗಿಸಿಕೊಡುತ್ತಿದ್ದರು, ಕೇಳದೆ, ಕನಿಕರ ತೋರಿಸದೆ. ತಾನೂ ಹೀಗೆಯೇ ಎಷ್ಟು ಸಲ ಅವನ ಬಾಯಿಗೆ ಮಾತು ಹಾಕಲು ಹೋಗಿರಲಿಲ್ಲ? "ನೀರಾ? ದಿಂಬಾ? ಟಿವಿನಾ?" ಎಂದು. ಅವನಿಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಬರುತ್ತಿರಲಿಲ್ಲ.

ಸಾಲುಗಳು ಮೇಲೆ ಸರಿದವು. ಒಂದು ಕಡೆ ಅವನು ಬೆರಳಿಟ್ಟು ತೋರಿಸಿದ. ನೂರು ಎಂಬ ಅಂಕಿ.

"ತುಂಬಿದೆ," ಎಂದಳು ಅವಳು. ಆಮೇಲೆ ತಾನೇ ಬೆರಗಾದಳು. ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದಳು ಅದನ್ನು: ಡಿಸ್ಕ್ ಪೂರ್ತಿ ತುಂಬಿದ್ರೆ ಕಾಲಿಡೋಕೂ ಜಾಗ ಇರಲ್ಲ, ಪಾಸ್‌ವರ್ಡ್ ಸರಿ ಇದ್ರೂ ಒಳಗೆ ಬಿಡಲ್ಲ, ಯಂತ್ರ ಕೆಟ್ಟಿದೆ ಅಂತ ಬಿಸಾಕ್ಬೇಡಿ. "ಏನೋ ತುಂಬ್ಕೊಂಡಿದೆ, ಅಲ್ವಾ? ಅದಕ್ಕೇ ಒಳಗೆ ಬಿಡ್ತಿಲ್ಲ!"

ಅವನು ಒಂದೊಂದೇ ಫೋಲ್ಡರು ಇಳಿಯುತ್ತ ಹೋದ. ಯಾವುದು ಎಷ್ಟು ಜಾಗ ತಿಂದಿದೆ ಎಂದು ಕೇಳುವುದು, ಯಂತ್ರ ಯೋಚಿಸಿ ಹೇಳುವುದು, ದೊಡ್ಡದರೊಳಕ್ಕೆ ಇಳಿಯುವುದು. ಕೊನೆಗೆ ಧ್ವನಿಯ ಫೋಲ್ಡರಿನಲ್ಲಿ ಒಂದೇ ಒಂದು ಫೈಲು ಸಿಕ್ಕಿತು, ಬೆಟ್ಟದಂಥದ್ದು.

ಅವಳು ನಾಲಗೆ ಕಚ್ಚಿಕೊಂಡಳು. ಟೀಚರು ಅಭ್ಯಾಸವನ್ನು ರೆಕಾರ್ಡ್ ಮಾಡಿ ಇಡಿ ಎಂದಿದ್ದರು. ಮೊನ್ನೆ ಬೆಳಿಗ್ಗೆ ಕೆಂಪು ಗುಂಡಿ ಒತ್ತಿ ಚಿತ್ರ ತೋರಿಸಿದ್ದಳು, ಎರಡನೆಯ ಚಿತ್ರಕ್ಕೇ ಅವನು ಮುಖ ತಿರುಗಿಸಿದ್ದ, ಬೇಕರಿಗೆ ಹೊತ್ತಾಯಿತೆಂದು ಅವಳು ಹಾಗೆಯೇ ಎದ್ದು ಓಡಿದ್ದಳು. ಗುಂಡಿ ಮತ್ತೆ ಒತ್ತಿ ನಿಲ್ಲಿಸಿದ ನೆನಪೇ ಇಲ್ಲ. ಅಲ್ಲಿಂದ ಇಲ್ಲಿಯತನಕ ಅದು ಮನೆಯನ್ನೆಲ್ಲ ಕೇಳಿಸಿಕೊಳ್ಳುತ್ತಲೇ ಇತ್ತು. ಕೇಳಿಸಿಕೊಂಡು ಕೇಳಿಸಿಕೊಂಡು ಹೊಟ್ಟೆಬಿರಿದು ಕೂತಿತ್ತು.

"ನನ್ನದೇ ಕೆಲಸ ರೀ ಇದು. ಅಳಿಸಿ ಬಿಡಿ ಅತ್ಲಾಗೆ."

ಅವಳು ಅದನ್ನು ಹೇಳುವ ಮೊದಲೇ ಅವನು ಅಳಿಸಲು ಹೊರಟಿದ್ದ. ಬೆರಳು ಅಷ್ಟು ಹೊತ್ತು ತಡವರಿಸಿದ್ದು ಈಗ ಅವಸರ ಮಾಡುತ್ತಿತ್ತು. ಅಳಿಸಲೇ ಎಂದು ಯಂತ್ರ ಕೇಳಿತು. ಹಾಗೆ ಕೇಳಬೇಕೆಂದು ಅದಕ್ಕೆ ಕಲಿಸಿದವನು ಅವನೇ; ಯಾರ ಕಂಪ್ಯೂಟರು ಸರಿಮಾಡಿದರೂ ಅದೊಂದನ್ನು ಹಾಕಿಯೇ ಕಳಿಸುತ್ತಿದ್ದ. ಅವನು ಹೌದು ಎನ್ನುವ ಅಕ್ಷರ ಹೊಡೆದು, ಕೈಯನ್ನು ಮೇಜಿನುದ್ದಕ್ಕೆ ತೆವಳಿಸಿ ಎಂಟರ್ ಕಡೆಗೆ ಒಯ್ದ.

ಅವಳು ಆ ಕೈ ಹಿಡಿದುಕೊಂಡಳು. "ತಡಿ," ಎಂದಳು.

ಗಂಡನಿಗೆ ಏಕವಚನದಲ್ಲಿ ಅವಳು ಎಂದೂ ಹೇಳಿದವಳಲ್ಲ. ಬಾಯಿಂದ ಜಾರಿಹೋಗಿತ್ತು. ಅವನು ತಲೆಯೆತ್ತಿ ನೋಡಿದ. ಅವನ ಕಿವಿ ಕೆಂಪಾಗಿತ್ತು. ಮದುವೆಯಾದಂದಿನಿಂದ ಅವಳಿಗೆ ಗೊತ್ತಿದ್ದ ಕಿವಿ ಅದು, ಸುಳ್ಳು ಹೇಳುವಾಗ, ನಾಚಿಕೊಂಡಾಗ ಮೊದಲು ಅದಕ್ಕೇ ಬಣ್ಣ ಬರುತ್ತಿತ್ತು.

"ಅದರಲ್ಲಿ ಏನಿದೆ?"

ಅವನು ಪರದೆಯ ಕಡೆ ತಿರುಗಿದ.

"ನಾನು ಕೇಳಬಾರದ್ದಾ?"

ಅವನ ಕೈಯ ಮೇಲೆ ಅವಳ ಕೈ ಇದ್ದೇ ಇತ್ತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಕೊನೆಗೆ ಅವನು ಕೈಯನ್ನು ಸಡಿಲ ಬಿಟ್ಟ. ಹೊಡೆದಿದ್ದ ಅಕ್ಷರವನ್ನು ಅಳಿಸಿ, ಬೇಡ ಎನ್ನುವ ಅಕ್ಷರ ಹೊಡೆದ. ಆಮೇಲೆ ಬೇರೆ ಕಡೆ ಹೋಗಿ, ಎಂದೋ ಇಳಿಸಿಕೊಂಡು ಹಾಕಿ ಮುಗಿಸಿದ್ದ ಸಾಫ್ಟ್‌ವೇರುಗಳ ಖಾಲಿ ಡಬ್ಬಗಳಂಥವನ್ನೆಲ್ಲ ಗುಡಿಸಿ ಹಾಕಿದ. ಅಷ್ಟು ಜಾಗ ಸಾಕಾಯಿತು. ಆರಿಸಿ ಹಚ್ಚಿದರೆ ಯಂತ್ರ ಏನೂ ಆಗಿಲ್ಲವೆನ್ನುವಂತೆ ಒಳಗೆ ಕರೆದುಕೊಂಡಿತು.

ಅವನು ಕುರ್ಚಿಯನ್ನು ಎಡಗಾಲಿನಿಂದ ಒದ್ದುಕೊಂಡು ಕಿಟಕಿಯ ಹತ್ತಿರ ಹೋಗಿ, ಅವಳಿಗೆ ಬೆನ್ನು ಮಾಡಿ ಕೂತ. ಅವಳು ಹೆಡ್‌ಫೋನು ಕಿವಿಗೆ ಹಾಕಿಕೊಂಡಳು.

ಮೊದಲು ಅವಳದೇ ದನಿ. ಬಟ್ಟಲು ರೀ, ಬಟ್ಟಲು, ನೋಡಿ ಹೇಳಿ. ಎಷ್ಟು ಗಟ್ಟಿಯಾಗಿ, ಎಷ್ಟು ಅವಸರದಲ್ಲಿ ಮಾತಾಡುತ್ತೇನೆ ನಾನು, ಕಿವುಡರಿಗೆ ಹೇಳುವ ಹಾಗೆ ಎಂದುಕೊಂಡಳು. ಬರ್ತೀನಿ ಎನ್ನುವುದು, ಬಾಗಿಲು, ಬೀಗದ ಸದ್ದು. ಆಮೇಲೆ ಏನೂ ಇಲ್ಲ. ಅವಳು ಇಲ್ಲದ ಮನೆ. ಅಂಥ ಮನೆಯನ್ನು ಅವಳು ಎಂದೂ ಕೇಳಿರಲಿಲ್ಲ. ನಲ್ಲಿಯ ಹನಿ. ಗಡಿಯಾರ. ಮೇಲಿನ ಮನೆಯವರು ಎಳೆದ ಕುರ್ಚಿ. ಎಲ್ಲಿಂದಲೋ ಬಂದು ಕಿಟಕಿಯ ಸರಳಿನ ಮೇಲೆ ಕೂತ ಹಕ್ಕಿಯ ಎರಡು ಮಾತು. ನೀರಿನ ತಳದಲ್ಲಿ ಕೂತು ಕೇಳಿದಂತೆ ಎಲ್ಲವೂ ದೂರ, ಎಲ್ಲವೂ ಮೆತ್ತಗೆ. ಅವಳು ಮೌಸ್ ಹಿಡಿದು ಮುಂದೆ ಮುಂದೆ ಸರಿಸಿದಳು.

"ಬಾ," ಎಂದಿತು ಅವನ ದನಿ.

ಅವಳ ಕೈ ನಿಂತಿತು.

"ಬಾ... ಬಾ..."

ತಡಿ ಅಲ್ಲ. ಬಾ. ಅವನ ಬಾಯಿಂದ ಬೇರೆ ಮಾತು. ತಾನು ಅಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿನ ಮೇಲೆ ಗುಲಾಬಿ ಅಕ್ಷರ ಎಳೆಯುತ್ತಿದ್ದಾಗ ಇವನು ಇಲ್ಲಿ ಬೀಗ ಹಾಕಿದ ಮನೆಯಲ್ಲಿ ಕೂತು ಕರೆಯುತ್ತಿದ್ದ. ಬಾ, ಬಾ ಎಂದು. ಕಣ್ಣು ಮಂಜಾಯಿತು. ತಿರುಗಿ ನೋಡಿದಳು. ಅವನ ಬೆನ್ನು ಅಲುಗಲಿಲ್ಲ.

ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು.

"ಸೋಮ..." ಎನ್ನುತ್ತಿದ್ದ ಅವನು. ಉಸಿರು ಎಳೆದುಕೊಂಡ ಸದ್ದು. "ಸೋಮವಾರ. ಮಂಗಳವಾರ." ಮೆಟ್ಟಿಲು ಹತ್ತುವವನಂತೆ ಒಂದೊಂದಕ್ಕೂ ನಿಂತು. "ಬುಧವಾರ. ಗುರು. ಗುರುವಾರ. ಶುಕ್ರ... ತಡಿ. ತಡಿ." ಸುಮ್ಮನಾದ. ಗಡಿಯಾರ ಟಿಕ್ ಟಿಕ್ ಎಂದಿತು. ಮತ್ತೆ ಬುಡದಿಂದ, "ಸೋಮವಾರ." ಈ ಸಲ ಶುಕ್ರವಾರ ದಾಟಿದ, ಶನಿವಾರವನ್ನೂ ಮುಟ್ಟಿದ. "ಬಾ... ಬಾ..." ಅಲ್ಲಿ ಕಾಲಿಗೆ ಮುಂದಿನ ಮೆಟ್ಟಿಲು ಸಿಕ್ಕಲಿಲ್ಲ. ಮತ್ತೆ ಸೋಮವಾರ.

ಅವಳು ಮುಂದಕ್ಕೆ ಸರಿಸಿದಳು, ಅಲ್ಲೂ ಅದೇ. ಇನ್ನೂ ಮುಂದೆ, ಮರುದಿನ, ಅಲ್ಲೂ ಅದೇ. ಅವಳ ಬೀಗದ ಸದ್ದು ಕೇಳಿದ ಕೂಡಲೇ ನಿಂತುಬಿಡುತ್ತಿತ್ತು. "ಏನ್ರೀ, ಬೇಜಾರಾಯ್ತಾ ಒಬ್ಬರಿಗೇ?" ಎಂದು ಅವಳ ದನಿ. "ತಡಿ," ಎಂದು ಅವನದು.

ಕರೆದದ್ದು ತನ್ನನ್ನಲ್ಲ, ಭಾನುವಾರವನ್ನು. ಗೊತ್ತಾದಾಗ ಅವಳಿಗೆ ಒಂದು ಸಣ್ಣ ಪೆಟ್ಟು ಬಿದ್ದಂತಾಯಿತು, ಸವತಿ ಗೆದ್ದಳು ಎಂದು ನಗುವೂ ಬಂತು. ಹೆಡ್‌ಫೋನು ತೆಗೆದಿಟ್ಟರೂ ಕಿವಿಯೊಳಗೆ ಉಳಿದದ್ದು ಮಾತ್ರ ಬಾ, ಬಾ ಎನ್ನುವುದೇ. ಟೀಚರಿಗೆ ಏನು ಗೊತ್ತು, ಅವನಿಗೆ ಮನಸ್ಸಿಲ್ಲ ಎಂದು ಯಾರು ಹೇಳಿದ್ದು? ಅವನಿಗೆ ಬೇಡವಾದದ್ದು ಬಟ್ಟಲು, ಕೊಡೆ. ಅವನು ತನಗೆ ಬೇಕಾದ ಮಾತನ್ನು ತಾನೇ ಹುಡುಕಿಕೊಳ್ಳುತ್ತಿದ್ದ, ಯಾರೂ ನೋಡದ ಹೊತ್ತಿನಲ್ಲಿ, ಹಟಹಿಡಿದು ಬುಡದಿಂದ ಎಷ್ಟು ಸಲ ಬೇಕಾದರೂ.

ಹತ್ತಿರ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕೇಳಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ವಾಚನಾಲಯದವರು ಸಿಕ್ಕಿದ್ರು ಹೋದ ವಾರ. ಮೇಜು ಹಾಗೇ ಇದೆಯಂತೆ. ಜನ ಕೇಳ್ತಾರಂತೆ, ಮಾವ ಯಾವಾಗ ಬರ್ತಾರೆ ಅಂತ. ನಾನೇ ಅವರಿಗೆ ಇನ್ನು ಬರಲ್ಲ ಅಂದ್ಬಿಟ್ಟೆ." ಅವಳು ಅವನ ಮೊಣಕಾಲಿನ ಮೇಲಿದ್ದ ಹೊದಿಕೆಯನ್ನು ಸುಮ್ಮನೆ ಸರಿಮಾಡಿದಳು. "ನಿಮ್ಮನ್ನ ಕೇಳದೆ ಹೇಳ್ಬಾರದಿತ್ತು. ಹೋಗೋಣ್ವಾ?"

"ತಡಿ," ಎಂದ ಅವನು. ಇಷ್ಟು ದಿನದಲ್ಲಿ ಅವಳು ಆ ಮಾತಿನ ಬಗೆಬಗೆಯ ದನಿ ಕೇಳಿದ್ದಳು. ಇದು ಹೊಸದು, ತುಂಬ ಮೆತ್ತಗಿನದು.

ಆ ಫೈಲನ್ನು ಸಂಜೆಗೆ ಮೊದಲು ಅಳಿಸಿದರು. ಅವಳಿಗೆ ಅದನ್ನು ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಇಟ್ಟುಕೊಳ್ಳುವ ಆಸೆ ತಡೆಯಲಾರದಷ್ಟಿತ್ತು. ಏನೇ ಅಳಿಸುವ ಮೊದಲು ಒಂದು ನಕಲು ಬೇರೆ ಕಡೆ ಇಡಿ ಎನ್ನುವುದು ಅವನ ಮೊದಲ ಪಾಠ, ಅದನ್ನು ನೆಪ ಮಾಡಿಕೊಳ್ಳಬಹುದಿತ್ತು. ಆದರೆ ಅವನ ಕೆಂಪು ಕಿವಿ ನೆನಪಾಯಿತು. ಅಳಿಸಲೇ ಎಂದು ಯಂತ್ರ ಕೇಳಿದಾಗ ಅವನು ಅವಳ ಮುಖ ನೋಡಿದ, ಅವಳು ತಲೆಯಾಡಿಸಿದಳು, ಅವನು ಎಂಟರ್ ಒತ್ತಿದ.

ತಮ್ಮ ಬಂದವನು ಬಾಗಿಲಲ್ಲೇ ನಿಂತ. "ಯಾರು ಸರಿಮಾಡಿದ್ದು ಅಕ್ಕ?"

"ಇನ್ಯಾರು ಮಾಡ್ತಾರೆ? ನಿನ್ನ ಭಾವ."

ಅವನು ಭಾವನನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದ. "ಸಾರಿ ಭಾವ," ಎಂದ ಕೊನೆಗೆ. ಭಾವ ರಾಜಗಾಂಭೀರ್ಯದಿಂದ "ತಡಿ" ಎಂದ. ಮೂವರೂ ನಕ್ಕುಬಿಟ್ಟರು.

ಭಾನುವಾರ ವಾಚನಾಲಯದ ಉದ್ದ ಮೇಜಿನ ಸುತ್ತ ಜನ ಸೇರಿದ್ದರು. ಸುದ್ದಿ ಹೇಗೋ ಹರಡಿತ್ತು. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು, ಯಂತ್ರ ತಂದವರೂ ಅದನ್ನು ಚೀಲದಿಂದ ತೆಗೆಯಲು ನಾಚುತ್ತಿದ್ದರು. "ಪಾಪ," ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು, ಅವನಿಗೂ ಕೇಳಿಸಿತು. ಬಂದದ್ದು ತಪ್ಪಾಯಿತೇನೋ ಎಂದು ಅವಳಿಗೆ ಅನ್ನಿಸಿತು.

ಮೊದಲು ಧೈರ್ಯ ಮಾಡಿದ್ದು ಬಟ್ಟೆ ಹೊಲಿಯುವ ಹೆಂಗಸು. ಅವಳ ಕಂಪ್ಯೂಟರು ಹೊಸದೇನನ್ನೋ ಹಾಕಿಕೊಳ್ಳುವಾಗ ನಡುವೆ ಕರೆಂಟು ಹೋಗಿತ್ತಂತೆ, ಆಮೇಲೆ ಯಾವುದಕ್ಕೂ ಒಗ್ಗುತ್ತಿಲ್ಲವಂತೆ. ಅವನು ಎಡಗೈಯಲ್ಲಿ ಶುರುಮಾಡಿದ. ಒಂದು ಸಾಲು ಹೊಡೆದ. ಯಂತ್ರ ಸಿಡುಕಿ ನಾಲ್ಕು ಸಾಲು ತಿರುಗಿ ಹೇಳಿತು. ಇನ್ನೊಮ್ಮೆ ಹೊಡೆದ, ಅಕ್ಷರ ಅದಲುಬದಲಾಯಿತು. ಅದು ಬೇರೆಯವರ ಕಂಪ್ಯೂಟರು, ಕೀಗಳು ಬೇರೆ ತರ. ಎಲ್ಲರೂ ಅವನ ಬೆರಳನ್ನೇ ನೋಡುತ್ತಿದ್ದರು. ಅವನು ಮೇಜು ಗುದ್ದಿ "ತಡಿ! ತಡಿ!" ಎಂದು ಕೂಗಿದ. ಹೊಲಿಯುವ ಹೆಂಗಸು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

"ಓದಿ," ಎಂದಳು ಅವನ ಹೆಂಡತಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೇ ತನ್ನ ದನಿ ಹೊಸದಾಗಿ ಕೇಳಿಸಿತು.

"ಅಂದ್ರೆ... ಅದು ಏನೋ ಹೇಳ್ತಿದೆಯಲ್ಲ, ಅದನ್ನ ಮೊದಲು ಓದಿ. ಕೆಂಪು ಅಕ್ಷರ ಬಂದ ತಕ್ಷಣ ಜನ ಕಣ್ಣು ಮುಚ್ಕೋತಾರೆ. ಅದು ಬೈತಿಲ್ಲ. ಎಲ್ಲಿ ನೋಯ್ತಿದೆ ಅಂತ ಹೇಳ್ತಿದೆ. ಏನು ಮಾಡ್ಬೇಕು ಅನ್ನೋದೂ ಎಷ್ಟೋ ಸಲ ಅಲ್ಲೇ ಕೊನೇ ಸಾಲಲ್ಲಿ ಇರುತ್ತೆ." ಅವಳು ಗಂಡನ ಕಡೆ ನೋಡಿದಳು. "ಹಾಗೆ ತಾನೇ ನೀವು ಹೇಳೋದು?"

ಗಂಡ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ.

ಹೊಲಿಯುವ ಹೆಂಗಸು ಬಗ್ಗಿ ಕೊನೆಯ ಸಾಲು ಓದಿದಳು. ಇಂಥದ್ದನ್ನು ಹೊಡೆದರೆ ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತೇನೆ ಎಂದು ಯಂತ್ರವೇ ಬರೆದಿತ್ತು. ಅವನು ಮೊದಲ ಅಕ್ಷರಗಳನ್ನು ಹೊಡೆದು ಟ್ಯಾಬ್ ಒತ್ತಿದ, ಉಳಿದದ್ದನ್ನು ಹೆಂಡತಿ ನೋಡಿಕೊಂಡು ಹೊಡೆದಳು. ಬಿಳಿ ಸಾಲುಗಳು ಮಳೆಯ ಹಾಗೆ ಮೇಲಿಂದ ಸುರಿಯತೊಡಗಿದವು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಗೋಡೆಯ ಮೇಲಿನ ಮೌನವಾಗಿರಿ ಫಲಕ ನೋಡಿ ಕೈ ಇಳಿಸಿದರು.

ಆಮೇಲೆ ಅದು ಹೇಗೆ ನಡೆಯಿತೋ ಅವಳಿಗೆ ತಿಳಿಯಲಿಲ್ಲ. ಅವನು ಬೆರಳಿಡುತ್ತಿದ್ದ, ಅವಳ ಬಾಯಿಂದ ಮಾತು ಬರುತ್ತಿತ್ತು. ಹಳೇ ಯಂತ್ರಕ್ಕೆ ಭಾರದ ಅಲಂಕಾರ ಹಾಕ್ಬೇಡಿ, ಹಗುರದ್ದು ಹಾಕಿ, ಓಡುತ್ತೆ. ಇಷ್ಟ ಆಗುತ್ತೋ ಇಲ್ಲವೋ ಅಂತ ಮೊದಲು ಪೆನ್‌ಡ್ರೈವಿಂದಲೇ ನಡೆಸಿ ನೋಡಿ, ಮನೆಗೆ ಬಾಡಿಗೆಗೆ ಬರೋ ಮೊದಲು ಕೋಣೆ ನೋಡಿದ ಹಾಗೆ. ಎಲ್ಲೋ ಬರೆದಿತ್ತು ಅಂತ ಅರ್ಥ ಗೊತ್ತಿಲ್ಲದ ಸಾಲನ್ನ ಹಾಗೇ ಹೊಡೀಬೇಡಿ. ಎಷ್ಟು ಸಂಜೆಗಳು, ಎಷ್ಟು ಕೋನುಗಳು! ತಾನು ಕೇಳುತ್ತಲೇ ಇಲ್ಲ ಎಂದುಕೊಂಡಿದ್ದದ್ದೆಲ್ಲ ಒಳಗೆ ಸಾಲಾಗಿ ಕೂತಿತ್ತು. ಒಂದು ಕಡೆ ಅವಳು ತಪ್ಪು ಹೇಳಿದಳು. "ತಡಿ," ಎಂದು ಅವನು ತಲೆಯಾಡಿಸಿದ. ಅವಳು ತಿದ್ದಿಕೊಂಡಳು. ಜನ ನಕ್ಕರು, ಅವನೂ ಅರ್ಧ ತುಟಿಯಲ್ಲಿ ನಕ್ಕ. ಪಾಪ ಎಂದ ದನಿ ಮತ್ತೆ ಕೇಳಿಸಲಿಲ್ಲ. ಹೊಲಿಯುವ ಹೆಂಗಸು ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಡುವಾಗ "ಮುಂದಿನ ಭಾನುವಾರ ಇರ್ತೀರಲ್ಲ ಮಾವ?" ಎಂದು ಅವನನ್ನೇ ಕೇಳಿದಳು, ಪಕ್ಕದಲ್ಲಿದ್ದ ಹೆಂಡತಿಯನ್ನಲ್ಲ.

ಅವನು ಬಾಯಿ ತೆರೆದ. ತುಟಿಗಳು ಒಂದನ್ನೊಂದು ಮುಟ್ಟಿದವು, ಬಿಟ್ಟವು. ಅವಳು ಮಾತು ಹಾಕಲು ಹೋಗಲಿಲ್ಲ. ಹೊಲಿಯುವ ಹೆಂಗಸೂ ಗಂಟನ್ನು ಎದೆಗೊತ್ತಿಕೊಂಡು ಕಾಯುತ್ತ ನಿಂತಳು. ಮಾತು ಬರಲಿಲ್ಲ. ಅವನು ಎಡಗೈ ಎತ್ತಿ ಮೇಜನ್ನು ಎರಡು ಸಲ ತಟ್ಟಿದ. "ಸರಿ ಹಾಗಾದ್ರೆ," ಎಂದು ಆ ಹೆಂಗಸು ಹೋದಳು.

ತಮ್ಮ ಕಲಿಯುವವರ ಕಾರನ್ನೇ ತಂದಿದ್ದ. ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ, ಕುರ್ಚಿಯನ್ನು ಮಡಚಿ ಹಿಂದೆ ಇಟ್ಟ. ಅವಳು ಹಿಂದಿನ ಸೀಟಿನಲ್ಲಿ ಕೂತಳು. ನೆತ್ತಿಯ ಮೇಲೆ ಫಲಕ ಹೊತ್ತ ಆ ಕಾರು ಎಂದಿನ ಅಭ್ಯಾಸಕ್ಕೆ ನಿಧಾನವಾಗಿ ಹೊರಟಿತು. ಹಿಂದಿನಿಂದ ಬಂದವರೆಲ್ಲ ಹಾರನ್ ಹೊಡೆದು ದಾಟಿಹೋದರು. ಇವರಿಗೆ ಯಾವ ಅವಸರವೂ ಇರಲಿಲ್ಲ. ಮರಗಳ ನೆರಳು ಗಾಜಿನ ಮೇಲೆ ಬಿದ್ದು, ಅವನ ತಲೆಯ ಮೇಲಿಂದ ಹಾದು, ಅವಳ ಮಡಿಲಿಗೆ ಬಂದು ಜಾರಿಹೋಗುತ್ತಿತ್ತು. ಅವನು ಗಾಜು ಇಳಿಸಿಕೊಂಡು ಎಡಗೈಯನ್ನು ಹೊರಗೆ ಚಾಚಿದ್ದ. ಅಂಗೈ ತುಂಬ ಗಾಳಿ ಬಂದು ಕೂರುತ್ತಿತ್ತು, ಅವನು ಬೆರಳು ಬಿಡಿಸಿ ಅದನ್ನು ಹೋಗಗೊಡುತ್ತಿದ್ದ, ಮತ್ತೆ ಹಿಡಿಯುತ್ತಿದ್ದ.